ವೀಳ್ಯದ ದಿನದ ಹಿಟ್ಟು

ಹಿಟ್ಟಿಗೆ ಬಟ್ಟೆ ಹೊದೆಸಿದ ಮೇಲೆ ಆ ಕಡೆ ತಲೆ ಹಾಕಬಾರದು ಎಂದು ಲೋಲಾಕ್ಷಿಗೆ ಕಲಿಸಿದವರು ಕುಂಞ ಮಾವ. ಕಲಿಸಿದ್ದು ಬಾಯಿಯಿಂದಲ್ಲ, ನೆತ್ತಿಗೆ ಬೆರಳಿನಿಂದ ಮೊಟಕಿ. ಶಿರಿಯದಲ್ಲಿ ಹೊಳೆಯ ಬದಿಗೆ ಅವರದೊಂದು ಪುಟ್ಟ ಬೇಕರಿ ಇದ್ದ ಕಾಲ ಅದು. ತಂದೆಯಿಲ್ಲದ ಹುಡುಗಿ ಶಾಲೆ ಬಿಟ್ಟವಳೇ ನೇರ ಸೋದರಮಾವನ ಬೇಕರಿಯ ಹಿಂದಿನ ಕೋಣೆಗೆ ಹೋಗಿ ಕೂರುತ್ತಿದ್ದಳು. ಮಾವ ಮರದ ತೊಟ್ಟಿಯಲ್ಲಿ ಮೈದಾ ನಾದಿ, ಮೇಲೆ ತೆಂಗಿನೆಣ್ಣೆ ಸವರಿ, ಒಗೆದು ಒಗೆದು ಮೆತ್ತಗಾದ ಮೈದಾ ಚೀಲದ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಹೊದೆಸುತ್ತಿದ್ದರು. ಒಳಗೆ ಎಂತ ನಡೆಯುತ್ತದೆ ಎಂದು ನೋಡುವ ಚಪಲ ಹುಡುಗಿಗೆ. ಬಟ್ಟೆಯ ಮೂಲೆ ಎತ್ತಿದಳೋ ಇಲ್ಲವೋ, ಎಲ್ಲಿಂದಲೋ ಮಾವನ ಬೆರಳು ಬಂದು ತಲೆಗೆ ಟಕ್ಕೆನ್ನುತ್ತಿತ್ತು. ಗಾಳಿ ತಾಗಿದರೆ ಹಿಟ್ಟಿಗೆ ತೊಗಲು ಬರುತ್ತದೆ, ತೊಗಲು ಬಂದ ಹಿಟ್ಟು ಉಬ್ಬುವುದಿಲ್ಲ, ಬನ್ನು ಕಲ್ಲಾಗುತ್ತದೆ, ಆ ಕಲ್ಲನ್ನು ಕೂತು ನೀನೇ ತಿನ್ನಬೇಕು ಎಂದು ಗದರಿಸುತ್ತಿದ್ದರು. ಆಮೇಲೆ ಒಲೆಯಿಂದ ಇಳಿದ ಮೊದಲನೆಯ ಬನ್ನು ಅವಳ ಕೈಗೇ.

ಆ ಹುಡುಗಿಯ ತಲೆಯಲ್ಲಿ ಈಗ ನರೆ ಕಾಣಿಸಿಕೊಂಡಿದೆ. ಉಪ್ಪಳದಲ್ಲಿ ಹೈವೇಯಿಂದ ಎರಡು ಮನೆ ಒಳಗೆ ಗಂಡ ಧನರಾಜ ಕಟ್ಟಿಸಿದ ಮನೆ, ಪೇಟೆಯಲ್ಲಿ ಅವನದೊಂದು ಟೈಲ್ಸಿನ ಅಂಗಡಿ, ಒಬ್ಬಳೇ ಮಗಳು ರಶ್ಮಿತಾ. ಹೈವೇ ಅಗಲ ಮಾಡುವ ಕೆಲಸ ಶುರುವಾಗಿ ಧೂಳು ಏಳತೊಡಗಿದಂದಿನಿಂದ ಆ ಮನೆಯಲ್ಲಿ ಮುಚ್ಚದೆ ಇಟ್ಟ ಸಾಮಾನು ಅಂತ ಒಂದಿಲ್ಲ. ನೀರಿನ ಚೆಂಬಿನಿಂದ ಹಿಡಿದು ಟಿ.ವಿ.ವರೆಗೆ ಎಲ್ಲಕ್ಕೂ ಒಂದೊಂದು ಬಟ್ಟೆ. ಆ ದಿನ ರಶ್ಮಿತಾಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಬಂದು ಚಾ ಕುಡಿದು, ಎರಡೂ ಕಡೆಯ ಹಿರಿಯರು ಎದುರೆದುರು ಕೂತು ವೀಳ್ಯದ ಹರಿವಾಣ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾದ ಹಾಗೆ. ಅಂಗಳದಲ್ಲಿ ಶಾಮಿಯಾನ ಎದ್ದಿತ್ತು, ಹಿತ್ತಿಲಿನಲ್ಲಿ ಅಡಿಗೆಯವರು ದೊಡ್ಡ ದೊಡ್ಡ ಪಾತ್ರೆ ಏರಿಸಿದ್ದರು. ಊಟ ಅವರದ್ದು. ಚಾದ ಜೊತೆಗೆ ಕೊಡುವ ಬನ್ನು ಮಾತ್ರ ಲೋಲಾಕ್ಷಿಯದ್ದು.

ಬೀಗರಿಗೆ ಬನ್ನು ಕೊಡುವ ಪದ್ಧತಿ ಯಾವ ಊರಿನಲ್ಲಿ ಉಂಟು ಎಂದು ಧನರಾಜ ಮುಖ ಸಿಂಡರಿಸಿದ್ದ. ಹೋಳಿಗೆ ಮಾಡಿಸುವ, ಕೇಕ್ ತರಿಸುವ ಎಂದ. ಲೋಲಾಕ್ಷಿ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಂಬಂಧ ಹುಡುಕಿದವರೇ ಕುಂಞ ಮಾವ. ತರವಾಡಿನ, ಎಂದರೆ ತಾಯಿಯ ಕಡೆಯ ಮನೆತನದ ಹಿರಿಯರು ಅವರು, ವೀಳ್ಯದ ಹರಿವಾಣ ಬೀಗರ ಕೈಗೆ ಕೊಡಬೇಕಾದವರೂ ಅವರೇ. ಹುಡುಗನ ಮನೆಯವರು ಒಪ್ಪಿದ ದಿನ ಅವರು ಲೋಲಾಕ್ಷಿಯ ಅಡಿಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು, ವೀಳ್ಯದ ದಿನ ಎಂತ ಬೇಕಾದರೂ ಮಾಡಿಸು, ಚಾಕ್ಕೆ ನಮ್ಮ ಬನ್ನು ಇರಬೇಕು, ಆ ಹಿಟ್ಟು ನೀನೇ ನಾದಬೇಕು, ಹೇಗೆ ಬಂದಿದೆ ಅಂತ ನಾನು ಬೀಗರ ಎದುರಿಗೇ ಹೇಳ್ತೇನೆ ಎಂದು ನಕ್ಕಿದ್ದರು. ಹೀಗೆ ನಕ್ಕು ಹೋದವರಿಗೆ ವಾರ ಕಳೆಯುವಷ್ಟರಲ್ಲಿ ಬಚ್ಚಲಿನಲ್ಲಿ ಸ್ಟ್ರೋಕ್ ಆಗಿ ಬಿದ್ದದ್ದೇ ಬಿದ್ದದ್ದು.

ಆಸ್ಪತ್ರೆಯವರು ನೋಡಿದಷ್ಟು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಶಿರಿಯದ ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವನು ಮಗ ಯೋಗೀಶ. ತಾಯಿ ತೀರಿಕೊಂಡಿದ್ದರು, ಅವನಿಗಿನ್ನೂ ಮದುವೆ ಆಗಿಲ್ಲ, ಮೀನಿನ ಬೋಟಿಗೆ ಹೋಗುವುದನ್ನು ಬಿಟ್ಟು ಅಪ್ಪನ ಮಂಚದ ಕಾಲಿಗೇ ಅಂಟಿಕೊಂಡಿದ್ದ. ಲೋಲಾಕ್ಷಿ ಹೋದಾಗಲೆಲ್ಲ ಮಾವ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಕರೆದರೆ ಓಗೊಡುವುದಿಲ್ಲ, ಕೈ ಹಿಡಿದರೆ ಹಿಡಿದ ಕೈಗೆ ಬಿಗಿಯಿಲ್ಲ. ಅವಳು ಮಂಚದ ಬದಿಯಲ್ಲಿ ಕೂತು, ಮಾವ, ಒಂದು ಸಲ ಕಣ್ಣು ಬಿಡಿ, ಲೋಲು ಬಂದಿದ್ದಾಳೆ ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡು ಬರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಒಂದೇ ಒಂದು ಸಲ ಅವರು ಅವಳ ಗುರುತು ಹಿಡಿಯಬೇಕು, ಅವಳು ಅವರ ದನಿ ಕೇಳಬೇಕು, ಆಮೇಲೆ ದೇವರು ಇಟ್ಟ ಹಾಗೆ.

ಇಲ್ಲಿ ಸೂತಕದ ಮಾತು ಬರುತ್ತದೆ. ಇವರ ಕಟ್ಟುಕಟ್ಟಳೆಯಲ್ಲಿ ಮಕ್ಕಳು ಸೇರುವುದು ತಾಯಿಯ ಬರಿಗೆ, ಎಂದರೆ ತಾಯಿಯ ಕುಲಕ್ಕೆ. ತಂದೆಯ ಬರಿಗಲ್ಲ. ಹಾಗಾಗಿ ಕುಂಞ ಮಾವ, ಲೋಲಾಕ್ಷಿ, ರಶ್ಮಿತಾ ಮೂವರೂ ಒಂದೇ ಬರಿ, ಒಂದೇ ತರವಾಡು. ಒಂದೇ ಸೂರಿನಡಿ ಇದ್ದರೂ ಧನರಾಜ ಬೇರೆ. ಮಾವ ಉಸಿರು ಬಿಟ್ಟರೆ ತಾಯಿಗೂ ಮಗಳಿಗೂ ಸೂತಕ, ಸೂತಕದವರು ವೀಳ್ಯ ಮುಟ್ಟುವ ಹಾಗಿಲ್ಲ. ಆದರೆ ಇದರಲ್ಲೊಂದು ಸಂದು ಉಂಟು. ಸೂತಕ ಹಿಡಿಯುವುದು ಸತ್ತ ಗಳಿಗೆಯಲ್ಲಲ್ಲ, ಸತ್ತದ್ದು ಕಿವಿಗೆ ಬಿದ್ದ ಗಳಿಗೆಯಲ್ಲಿ. ಕಿವಿಗೆ ಬೀಳದಿದ್ದರೆ ಇಲ್ಲ. ಈ ಕಾನೂನು ಮಾಡಿದ ಮಹಾನುಭಾವರಿಗೆ ಒಂದು ದೊಡ್ಡ ನಮಸ್ಕಾರ. ಸಾವಿಗೂ ಒಂದು ಹಿಂಬಾಗಿಲು ಇಟ್ಟು ಹೋಗಿದ್ದಾರೆ. ಮದುವೆಮನೆಗಳಲ್ಲಿ ಆ ಬಾಗಿಲಿನಿಂದ ಓಡಾಡದವರು ಯಾರಿದ್ದಾರೆ? ಸುದ್ದಿ ತಂದವನನ್ನು ಗೇಟಿನಲ್ಲೇ ನಿಲ್ಲಿಸಿ ಊಟ ಹಾಕಿ, ಕೊರಳಿಗೆ ತಾಳಿ ಬಿದ್ದ ಮೇಲೆ ಬಾಯಿ ಬಿಡಿಸಿದ ಕಥೆ ಊರಿಗೊಂದು ಸಿಗುತ್ತದೆ.

ಧನರಾಜನಿಗೆ ಆ ಬಾಗಿಲು ಬೇಕೇ ಬೇಕಾಗಿತ್ತು. ಅವನನ್ನು ಬೈಯುವುದು ಸುಲಭ, ಅವನ ಜಾಗದಲ್ಲಿ ನಿಂತು ನೋಡಬೇಕು. ಒಮ್ಮೆ ಗೊತ್ತುಮಾಡಿದ್ದ ದಿನ ಗಂಡಿನ ತರವಾಡಿನಲ್ಲೊಂದು ಸಾವಾಗಿ ತಪ್ಪಿಹೋಗಿತ್ತು. ಇನ್ನೊಮ್ಮೆ ತಪ್ಪಿದರೆ ಈ ಸಂಬಂಧವೇ ಬೇಡ, ದೈವಕ್ಕೆ ಇಷ್ಟ ಇಲ್ಲ ಅಂತ ಲೆಕ್ಕ ಎಂದು ಆ ಕಡೆಯ ಅಜ್ಜಿಯರು ಆಗಲೇ ಗುಸುಗುಸು ಎತ್ತಿದ್ದರು. ಹುಡುಗ ಉಜ್ವಲ್ ಅಬುಧಾಬಿಯಲ್ಲಿರುವವನು, ಅವನ ರಜೆ ಮುಗಿಯುತ್ತಾ ಬಂದಿತ್ತು. ವಿದ್ಯಾನಗರದ ಆಫೀಸಿನ ಕೆಲಸದಿಂದ ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ರಶ್ಮಿತಾ ಅವನ ಹೆಸರೆತ್ತಿದರೆ ಕಿವಿಯವರೆಗೂ ಕೆಂಪಾಗುವಳು. ಆ ಮಗಳ ಮುಖ ನೋಡಿ ಧನರಾಜ ಹೆಂಡತಿಗೆ ಕೈಮುಗಿಯುವವನ ಹಾಗೆ ಹೇಳಿದ್ದ.

"ನಾಳೆ ವೀಳ್ಯ ಆಗುವವರೆಗೆ ಶಿರಿಯದ ಫೋನ್ ಎತ್ತಬೇಡ ಮಾರಾಯ್ತಿ. ಯಾರದ್ದೇ ಆಗ್ಲಿ. ನಮ್ಮ ಮಗಳಿಗೋಸ್ಕರ ಒಂದು ಹೊತ್ತು."

ಲೋಲಾಕ್ಷಿ ಹೂಂ ಎಂದಳು. ಬೆಳಗ್ಗೆ ಒಂದು ರಿಕ್ಷಾದಲ್ಲಿ ಹೋಗಿ ಮುಖ ನೋಡಿ ಬರುತ್ತೇನೆ, ಹಿಟ್ಟು ಉಬ್ಬುವಷ್ಟರಲ್ಲಿ ವಾಪಸು ಬಂದಿರುತ್ತೇನೆ ಎಂದು ಕೇಳಿದಳು. ಅವನು ಬೇಡವೆಂದ. ನೀನು ಕೂತಿರುವಾಗಲೇ ಉಸಿರು ಹೋದರೆ ಏನು ಮಾಡುತ್ತಿ, ಕಿವಿ ಮುಚ್ಚಿದರೂ ಕಣ್ಣು ಉಂಟಲ್ಲ ಎಂದ. ಶಿರಿಯ ಎಷ್ಟು ದೂರ? ಹೈವೇಗೆ ಇಳಿದರೆ ಪಕ್ಕದೂರು. ಆ ದಿನ ಮಾತ್ರ ಅದು ಅಬುಧಾಬಿಗಿಂತ ಆಚೆಗೆ ಹೋಗಿ ಕೂತಿತ್ತು.

ಧನರಾಜ ಇನ್ನೊಂದು ಕೆಲಸವನ್ನೂ ಮಾಡಿದ್ದ. ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಸಾವಿನ ಮಾತನ್ನು ಅವಳೆದುರು ಮತ್ತೆ ಮತ್ತೆ ಎತ್ತಿ ಅವಳ ಹೊಟ್ಟೆ ಉರಿಸುವುದು ಯಾಕೆ ಎಂದು ಬಾಯಿ ಮುಚ್ಚಿಕೊಂಡಿದ್ದ. ಒಳ್ಳೆಯ ಮನಸ್ಸಿನಿಂದ ಮುಚ್ಚಿಟ್ಟದ್ದು. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತವನ್ನು ಕೆಟ್ಟವರಿಗೆ ಮಾಡಲು ಬರುವುದಿಲ್ಲ ಎಂದು ಈ ಕಥೆ ಹೇಳುವವರಿಗೆ ಎಷ್ಟೋ ಸಲ ಅನ್ನಿಸಿದೆ.

ಬೆಳಕು ಹರಿಯುವ ಮೊದಲೇ ಲೋಲಾಕ್ಷಿ ಎದ್ದು ಮಿಂದು ಅಡಿಗೆಮನೆಗೆ ಬಂದಳು. ಉಗುರುಬೆಚ್ಚಗಿನ ಹಾಲುನೀರಿಗೆ ಸಕ್ಕರೆ, ಯೀಸ್ಟ್ ಹಾಕಿಟ್ಟಳು. ನೊರೆ ಎದ್ದಿತು. ದೊಡ್ಡ ಹಿತ್ತಾಳೆಯ ಬೋಗುಣಿಯಲ್ಲಿ ಮೈದಾ ಸುರಿದು ಕಲಸಿ, ಸೆರಗು ಬಿಗಿದು ನೆಲದಲ್ಲೇ ಕೂತು ನಾದಿದಳು. ಮಾವ ನಾದುವಾಗ ಹೇಳುತ್ತಿದ್ದ ಹಾಗೆ, ಹಿಟ್ಟು ಬೆರಳನ್ನು ತಾನಾಗಿ ಬಿಡುವವರೆಗೆ. ಆಮೇಲೆ ಉಂಡೆ ಮಾಡಿ, ತೆಂಗಿನೆಣ್ಣೆ ಸವರಿ, ಹೊಸ ಬೈರಾಸು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಬೋಗುಣಿಯ ಬಾಯಿಗೆ ಹಿಟ್ಟನ್ನು ಮುಟ್ಟದ ಹಾಗೆ ಎಳೆದು ಮುಚ್ಚಿದಳು. ಬಾಯಿಯ ಸುತ್ತ ಒಂದು ದಾರವನ್ನೂ ಬಿಗಿದಳು. ಮನೆ ತುಂಬ ನೆಂಟರು, ಯಾರಾದರೊಬ್ಬರು ಬಂದು ಎತ್ತಿ ನೋಡಿಯಾರು ಎಂಬ ಹೆದರಿಕೆ.

ಮುಚ್ಚಿಟ್ಟ ಮೇಲೆ ಮಾಡಲು ಕೆಲಸವೇ ಇಲ್ಲ. ಬನ್ನು ಮಾಡುವುದರಲ್ಲಿ ಕಷ್ಟ ನಾದುವುದಲ್ಲ, ಈ ಸುಮ್ಮನೆ ಕೂರುವುದು. ತುಳುವರ ಸುಗ್ಗಿ ತಿಂಗಳು, ಮಾರ್ಚ್ ಕೊನೆಯ ಸೆಕೆ, ಬೆಳಗ್ಗೆಯೇ ಗೋಡೆ ಬೆವರುವ ಹಾಗಿತ್ತು. ಹಿಟ್ಟು ಬೇಗ ಉಬ್ಬುತ್ತದೆ, ಅತಿಯಾಗಿ ಉಬ್ಬಿದರೆ ಹುಳಿವಾಸನೆ, ಆದ್ದರಿಂದ ಬಿಟ್ಟು ಏಳುವ ಹಾಗೂ ಇಲ್ಲ. ಅವಳು ಕೈ ತೊಳೆದು, ಉಗುರಿನ ಸಂದಿಯ ಹಿಟ್ಟನ್ನೂ ಉಜ್ಜಿ ತೆಗೆದು, ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಫೋನ್ ಅಡಿಗೆಕಟ್ಟೆಯ ಮೇಲೆ ಬೋಗುಣಿಯ ಪಕ್ಕದಲ್ಲೇ ಇತ್ತು. ರಿಂಗಿನ ಸದ್ದು ತೆಗೆದಿಟ್ಟಿದ್ದಳು.

ಆಗ ಫೋನ್ ಕಟ್ಟೆಯ ಮೇಲೆ ಗರ್ರೆಂದು ನಡುಗಿತು. ಬೆಳಗಿದ ಪರದೆಯ ಮೇಲೆ ಹೆಸರು: ಯೋಗೀಶ.

ಇಷ್ಟು ದಿನದಲ್ಲಿ ಯೋಗೀಶ ತಾನಾಗಿ ಫೋನ್ ಮಾಡಿದವನಲ್ಲ. ಅವಳೇ ಮಾಡುವುದು, ಅವನು ಹಾಗೇ ಉಂಟು ಅತ್ತಿಗೆ ಎನ್ನುವುದು, ಅಲ್ಲಿಗೆ ಮುಗಿಯಿತು. ಆ ಹುಡುಗ ಬೆಳ್ಳಂಬೆಳಗ್ಗೆ ಫೋನ್ ಮಾಡುತ್ತಾನೆಂದರೆ ಇನ್ನೇನು? ಹೋದರು. ಅವಳ ಕೈ ತಾನಾಗಿ ಫೋನಿನವರೆಗೆ ಹೋಗಿ ಅಲ್ಲೇ ನಿಂತಿತು. ಎತ್ತಿ ಕಿವಿಗಿಟ್ಟರೆ ಒಂದು ಮಾತು. ಆ ಒಂದು ಮಾತು ಬಿದ್ದರೆ ಅಂಗಳದ ಶಾಮಿಯಾನ ಬಿಚ್ಚಬೇಕು, ಹೊರಟು ನಿಂತಿರುವ ಬೀಗರಿಗೆ ಬರಬೇಡಿ ಎನ್ನಬೇಕು, ಒಳಗೆ ಕನ್ನಡಿಯೆದುರು ಕೂತ ಮಗಳಿಗೆ ಸೀರೆ ಬಿಚ್ಚು ಎನ್ನಬೇಕು. ಫೋನ್ ನಡುಗಿ ನಡುಗಿ ಸುಮ್ಮನಾಯಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹಿತ್ತಿಲಿನಲ್ಲಿ ಅಡಿಗೆಯವರು ತೆಂಗಿನಕಾಯಿ ಒಡೆಯುತ್ತಿದ್ದರಿಂದ ಯಾರಿಗೂ ಕೇಳಲಿಲ್ಲ.

ಕಣ್ಣು ಒರೆಸಿಕೊಂಡು ಮೊದಲು ಯೋಚಿಸಿದ್ದು, ಈಗ ತನಗೆ ಸೂತಕವೋ ಅಲ್ಲವೋ ಎಂದು. ಕೇಳಿಲ್ಲ, ಆದ್ದರಿಂದ ಇಲ್ಲ. ಆದರೆ ಗೊತ್ತಾಗಿದೆಯಲ್ಲ. ಗೊತ್ತಾದದ್ದಕ್ಕೆ ಸೂತಕ ಉಂಟೋ? ಇದನ್ನು ಯಾರ ಹತ್ತಿರ ಕೇಳುವುದು? ಕೇಳಬಹುದಾಗಿದ್ದವರು ಒಬ್ಬರೇ, ಅವರದ್ದೇ ಸಾವು. ಸ್ವಲ್ಪ ಹೊತ್ತಿಗೆ ಫೋನ್ ಮತ್ತೆ ನಡುಗಿತು. ಮತ್ತೆ ಅದೇ ಹೆಸರು. ಪಾಪದವನು ಒಬ್ಬನೇ ಇದ್ದಾನೆ, ತರವಾಡಿನವರು ಎಲ್ಲರೂ ಇಲ್ಲಿಗೇ ಬಂದಾಗಿದೆ, ಹೆಣದ ಎದುರು ಒಬ್ಬನೇ ಕೂತು ಯಾರಿಗೆ ಹೇಳಲಿ ಎಂದು ತಿಳಿಯದೆ ನನಗೇ ಮಾಡುತ್ತಿದ್ದಾನೆ ಎಂದುಕೊಂಡಳು. ಕೈಯಲ್ಲಿ ಕೆಲಸವಾದರೂ ಇದ್ದಿದ್ದರೆ! ಹಿಟ್ಟು ಬಟ್ಟೆಯ ಅಡಿಯಲ್ಲಿ ತನ್ನ ಪಾಡಿಗೆ ಉಬ್ಬುತ್ತಿತ್ತು. ಅವಳು ಒಣಗಿದ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು, ಆ ಹೆಸರು ಬೆಳಗಿ ಆರುವುದನ್ನು ಕೊನೆಯವರೆಗೂ ನೋಡುತ್ತಾ ಕೂತಳು.

ಧನರಾಜ ಒಳಗೆ ಬಂದು ಎಲ್ಲ ಸರಿ ಉಂಟಲ್ಲ ಎಂದ. ಅವನ ಮುಖ ಬೆಳಗ್ಗಿನಿಂದಲೇ ಬಿಳಿಚಿಕೊಂಡಿತ್ತು. ಫೋನ್ ಬಂತಾ ಎಂದು ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಿನಲ್ಲೇ ಫೋನಿನತ್ತ ನೋಡಿದ. ಇವನಿಗೂ ಗೊತ್ತಾಗಿ ಇಡೀ ಹೊತ್ತು ಇವನೂ ಬೇಯುವುದು ಬೇಡ ಎಂದು ಲೋಲಾಕ್ಷಿ ಯಾವ ಫೋನೂ ಇಲ್ಲ ಎಂದಳು. ಅವನ ಉಸಿರು ಕೆಳಗಿಳಿಯಿತು. ನಿಶ್ಚಿಂತೆಯಿಂದ ಹೋಗಿ ಶಾಮಿಯಾನದವರ ಹತ್ತಿರ ಕುರ್ಚಿ ಕಡಿಮೆಯಾಯಿತೆಂದು ಜಗಳಕ್ಕೆ ನಿಂತ. ಹೀಗೆ ಅವನು ಒಂದನ್ನು ಮುಚ್ಚಿಟ್ಟ, ಅವಳು ಒಂದನ್ನು ಮುಚ್ಚಿಟ್ಟಳು. ಎರಡನ್ನೂ ಎದುರೆದುರು ಇಟ್ಟಿದ್ದರೆ ಆ ಬೆಳಗ್ಗೆ ಬೇರೆಯೇ ಆಗುತ್ತಿತ್ತು.

ಹಿಟ್ಟು ಬೈರಾಸನ್ನು ಕೆಳಗಿನಿಂದ ದೂಡಲು ಶುರುಮಾಡಿದಾಗ ಅವಳು ದಾರ ಬಿಚ್ಚಿದಳು. ಚೆನ್ನಾಗಿ ಬಂದಿತ್ತು, ಬೆರಳು ಒತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ಗುದ್ದಿ ಗಾಳಿ ತೆಗೆದು ಉಂಡೆ ಉಂಡೆ ಮಾಡಿ ತಟ್ಟೆಗಳಲ್ಲಿ ಸಾಲಾಗಿ ಇಟ್ಟು, ಎರಡನೆಯ ಸಲ ಉಬ್ಬಲು ಮತ್ತೆ ಒದ್ದೆ ಬಟ್ಟೆ ಹೊದೆಸಿದಳು. ತಟ್ಟೆಯ ಮೇಲೆ ಬಿಳಿ ಬಟ್ಟೆ ಎಳೆಯುವಾಗ ಅವಳಿಗೆ ತಡೆಯಲಾಗಲಿಲ್ಲ. ಶಿರಿಯದಲ್ಲಿ ಈಗ ಯೋಗೀಶ ಇದನ್ನೇ ಮಾಡುತ್ತಿರಬೇಕು, ಮುಖದವರೆಗೆ ಎಳೆಯಬೇಕೋ ಬೇಡವೋ ಎಂದು ಅವನಿಗೆ ಗೊತ್ತುಂಟೋ ಇಲ್ಲವೋ ಎಂದು ಅನ್ನಿಸಿತು. ಮತ್ತೆ ಕೈ ತೊಳೆದು ಕೂತಳು. ಮತ್ತೆ ಫೋನ್ ಬಂತು. ಈ ಸಲ ಅವಳು ಅದರ ಮೇಲೆ ಒಂದು ಒರೆಸುವ ಬಟ್ಟೆ ಹಾಕಿಬಿಟ್ಟಳು.

ಸೀರೆಯುಟ್ಟು ಹೂ ಮುಡಿದು ಬಂದ ರಶ್ಮಿತಾ ತಾಯಿಯ ಕೆಂಪು ಕಣ್ಣು ನೋಡಿ, ಅಜ್ಜ ಹೇಗಿದ್ದಾರೆ, ಯೋಗೀಶ ಮಾವ ಫೋನ್ ಮಾಡಿದ್ದರಾ ಎಂದಳು. ಅಜ್ಜ ಹಾಗೇ ಇದ್ದಾರೆ, ಈರುಳ್ಳಿ ಹೆಚ್ಚಿದ್ದು ಕಣ್ಣಿಗೆ ಬಂತು ಎಂದಳು ಲೋಲಾಕ್ಷಿ. ಸುತ್ತ ಎಲ್ಲೂ ಒಂದು ಈರುಳ್ಳಿಯೂ ಇರಲಿಲ್ಲ. ಸಂಜೆ ನಾವಿಬ್ಬರೂ ಹೋಗಿ ಅಜ್ಜನಿಗೆ ವೀಳ್ಯದ ಎಲೆ ತೋರಿಸಿ ಬರುವ ಎಂದು ಹುಡುಗಿ ಹೇಳಿ ಹೋದಳು. ದೇವರ ಕೋಣೆಯಲ್ಲಿ ದೀಪ ಹಚ್ಚಲು ಕರೆದಾಗ ಲೋಲಾಕ್ಷಿ ಕೈಯಲ್ಲಿ ಬಿಸಿ ತಟ್ಟೆ ಉಂಟು ಎಂದು ಗಂಡನಿಂದಲೇ ಹಚ್ಚಿಸಿದಳು. ಹರಿವಾಣಕ್ಕೆ ಎಲೆ ಅಡಿಕೆ ಜೋಡಿಸುವಾಗಲೂ ಆ ಕಡೆ ಸುಳಿಯಲಿಲ್ಲ. ಮಗಳ ಶುಭಕ್ಕೆ ತನ್ನ ಕೈ ತಾಗುವುದು ಬೇಡವೆಂದು ತಾಯಿಯೊಬ್ಬಳು ಮನೆಯೊಳಗೆ ಗೋಡೆ ಸವರಿಕೊಂಡು ಓಡಾಡುವುದನ್ನು ನೋಡಿದರೆ ಕಲ್ಲಿಗೂ ಅಳು ಬಂದೀತು. ಯಾರೂ ನೋಡಲಿಲ್ಲ.

ಬೀಗರು ಬಂದರು. ಎರಡು ಓವನುಗಳಲ್ಲಿ ಸರದಿಯ ಮೇಲೆ ಬೆಂದ ಬನ್ನುಗಳು ಬೆತ್ತದ ಬುಟ್ಟಿಯಲ್ಲಿ ಬಾಳೆಲೆಯ ಮೇಲೆ ಬಿಸಿಯಾಗಿ ಹೊರಗೆ ಹೋದವು. ಬೆಣ್ಣೆ ಸವರಿದ ಕೆಂಪು ಬೆನ್ನು, ಮುರಿದರೆ ಹತ್ತಿಯ ಹಾಗೆ ಎಳೆಎಳೆ. ಉಜ್ವಲನ ತಾಯಿ ರಾಜೀವಿ ದೊಡ್ಡ ಬಾಯಿಯ ಹೆಂಗಸು, ಮನಸ್ಸೂ ದೊಡ್ಡದೇ. ಒಂದು ತಿಂದು ಇನ್ನೊಂದು ಎತ್ತಿಕೊಂಡು, ಇದು ಪೇಟೆಯದ್ದಲ್ಲ, ಯಾರು ಮಾಡಿದ್ದು ಎಂದು ವಿಚಾರಿಸಿ, ಲೋಲಾಕ್ಷಿಯನ್ನು ಹೊರಗೆ ಕರೆಸಿದರು. ಶಿರಿಯದ ಕುಂಞನವರ ಬೇಕರಿಯ ರುಚಿಯೇ ಬಂದಿದೆ, ನಾವು ಸಣ್ಣದಿರುವಾಗ ಬಸ್ಸಿಳಿದು ತಿನ್ನುತ್ತಿದ್ದೆವು, ಅವರು ಹೇಗಿದ್ದಾರೆ ಈಗ ಎಂದು ಕೇಳಿದರು. ಕೇಳುವುದಕ್ಕೂ ಒಂದು ಹೊತ್ತು ಬೇಡವೆ?

"ಹಾಗೇ ಇದ್ದಾರೆ," ಎಂದಳು ಲೋಲಾಕ್ಷಿ. ಸತ್ತವರನ್ನು ಇದ್ದಾರೆ ಎಂದೆನಲ್ಲ ಎಂದು ಅವಳ ನಾಲಗೆಗೇ ನಾಚಿಕೆಯಾಯಿತು.

ಚಾಪೆ ಹಾಸಿದರು. ಮಾವ ಕೂರಬೇಕಾಗಿದ್ದ ಜಾಗದಲ್ಲಿ ತರವಾಡಿನ ಇನ್ನೊಬ್ಬ ಹಿರಿಯರು ಕೂತರು. ಊರು, ಬರಿ, ಹೆಸರು ಹೇಳಿ, ತುಂಬಿದ ಸಭೆಯನ್ನು ಕೇಳಿ, ಹರಿವಾಣ ಈ ಕೈಯಿಂದ ಆ ಕೈಗೆ ಹೋಯಿತು, ಆ ಕೈಯಿಂದ ಈ ಕೈಗೆ ಬಂತು. ಹೆಂಗಸರು ನಕ್ಕರು, ಉಜ್ವಲ್ ಉಂಗುರವನ್ನು ತಪ್ಪು ಬೆರಳಿಗೆ ತೊಡಿಸಲು ಹೋದಾಗ ಎಲ್ಲರೂ ಅವನನ್ನು ತಮಾಷೆ ಮಾಡಿದರು. ಕಂಬದ ಮರೆಯಲ್ಲಿ ನಿಂತಿದ್ದ ಲೋಲಾಕ್ಷಿಗೆ ಮಗಳ ಮುಖದ ಬೆಳಕು ಕಂಡಿತು. ಧನರಾಜ ಅವಳತ್ತ ತಿರುಗಿ, ಗೆದ್ದೆವು ಎನ್ನುವ ಹಾಗೆ ಕಣ್ಣು ಮುಚ್ಚಿ ತೆರೆದ.

ಗಂಡಿನ ಕಡೆಯವರು ಊಟಕ್ಕೆ ಕೂತರು. ಇನ್ನು ತಡೆಯಿಲ್ಲ. ಲೋಲಾಕ್ಷಿ ಅಡಿಗೆಮನೆಗೆ ಹೋಗಿ, ಬಟ್ಟೆಯ ಅಡಿಯಿಂದ ಫೋನ್ ತೆಗೆದುಕೊಂಡು, ಹಿಂದಿನ ಬಾಗಿಲು ದಾಟಿ ಬಾವಿಕಟ್ಟೆಯ ಬದಿಗೆ ನಿಂತು ಯೋಗೀಶನಿಗೆ ಫೋನ್ ಮಾಡಿದಳು. ಅವನು ಎತ್ತಿದ. ಆ ಕಡೆ ಯಾರೂ ಅಳುವ ಸದ್ದು ಇಲ್ಲ, ಫ್ಯಾನು ತಿರುಗುವ ಸದ್ದು ಮಾತ್ರ.

"ವೀಳ್ಯ ಆಯ್ತು ಯೋಗೀಶ," ಎಂದಳು ಅವಳು. "ಇನ್ನು ಹೇಳು. ಮಾವ ಹೋದದ್ದು ಬೆಳಿಗ್ಗೆ ಯಾವಾಗ?"

"ಬೆಳಿಗ್ಗೆ ಅಲ್ಲ ಅತ್ತಿಗೆ. ಈಗ. ಸ್ವಲ್ಪ ಹೊತ್ತಾಯ್ತಷ್ಟೆ."

ಲೋಲಾಕ್ಷಿಗೆ ಅರ್ಥವಾಗಲಿಲ್ಲ. ಮತ್ತೆ ಬೆಳಗ್ಗಿನಿಂದ ನೀನು ಅಷ್ಟು ಸಲ ಫೋನ್ ಮಾಡಿದ್ದು ಎಂದು ಕೇಳಿದಳು.

"ಹೋದ್ರೆ ಅತ್ತಿಗೆಗೆ ಫೋನ್ ಮಾಡ್ಲೇ ಬೇಡ, ಊಟ ಎಲ್ಲ ಆದ ಮೇಲೆ ನನಗೆ ಮಾತ್ರ ಮಾಡು ಅಂತ ಧನರಾಜಣ್ಣ ಹೇಳಿದ್ರಲ್ಲ. ಹೋದ್ರೆ ನಾನು ನಿಮಗೆ ಮಾಡ್ತೇನಾ? ಅಪ್ಪ ಇದ್ರು ಅತ್ತಿಗೆ. ಅಪ್ಪನಿಗೆ ಎಚ್ಚರ ಆಗಿತ್ತು. ಅದಕ್ಕೇ ಮಾಡಿದ್ದು."

ಆಮೇಲೆ ಅವನು ನಿಲ್ಲಿಸದೆ ಹೇಳಿದ, ಇಷ್ಟು ಹೊತ್ತು ಹೇಳಲು ಯಾರೂ ಇಲ್ಲದೆ ಕಟ್ಟಿಕೊಂಡಿದ್ದದ್ದು ಬಿಚ್ಚಿದ ಹಾಗೆ. ಬೆಳಕು ಹರಿಯುವಾಗ ಮಾವ ಕಣ್ಣು ಬಿಟ್ಟರಂತೆ. ನೀರು ಕೇಳಿ ಎರಡು ಗುಟುಕು ಕುಡಿದರಂತೆ. ಮಾತು ಸ್ವಲ್ಪ ಎಳೆಯುತ್ತಿತ್ತು, ಆದರೆ ತಿಳಿಯುತ್ತಿತ್ತು. ಲೋಲು ಎಲ್ಲಿ ಎಂದರಂತೆ. ಇವತ್ತು ರಶ್ಮಿತಾಳ ವೀಳ್ಯ, ಅತ್ತಿಗೆ ಬನ್ನು ಮಾಡುತ್ತಿದ್ದಾರೆ ಎಂದಾಗ ಮುಖ ಅರಳಿ, ಅವಳ ಹತ್ತಿರ ಮಾತಾಡಬೇಕು ಎಂದರಂತೆ. ಇವನು ಫೋನ್ ಹಚ್ಚಿ ಅವರ ಕಿವಿಗೆ ಹಿಡಿದನಂತೆ. ಅವರು ರಿಂಗಾಗುವುದನ್ನು ಕೊನೆಯವರೆಗೂ ಕೇಳಿದರು. ನಡುವೆ ಧನರಾಜಣ್ಣನಿಗೆ ಮಾಡುವ ಎಂದುಕೊಂಡೆ, ಅವರು ನನ್ನ ಹೆಸರು ಕಂಡರೆ ಅಪ್ಪ ಹೋದರು ಅಂತಲೇ ತಿಳಿದುಕೊಂಡು ಎಲ್ಲ ನಿಲ್ಲಿಸಿಯಾರು ಎಂದು ಹೆದರಿ ಮಾಡಲಿಲ್ಲ. ಅಪ್ಪನನ್ನು ಬಿಟ್ಟು ಬರುವ ಎಂದರೆ ಇಲ್ಲಿ ಯಾರೂ ಇಲ್ಲ ಎಂದ.

"ಅತ್ತಿಗೆ ಎತ್ತುದಿಲ್ಲ ಅಂದೆ ನಾನು. ಅದಕ್ಕೆ ಅಪ್ಪ, ಕೈಯೆಲ್ಲ ಹಿಟ್ಟಾಗಿರ್ತದೆ ಅವಳದ್ದು, ಹೇಗೆ ಎತ್ತುದು, ಸ್ವಲ್ಪ ಬಿಟ್ಟು ಮಾಡು ಅಂದ್ರು. ಪ್ರತಿ ಸಲ ಅದೇ ಹೇಳಿದ್ದು. ಮತ್ತೆ ನಿದ್ರೆ ಬಂತು ಅವರಿಗೆ."

ಲೋಲಾಕ್ಷಿ ಬಾವಿಕಟ್ಟೆಗೆ ಒರಗಿದಳು. ಶಾಮಿಯಾನದ ಕಡೆಯಿಂದ ನಗು, ಬಡಿಸುವವರ ಕೂಗು, ಸೌಟಿನ ಸದ್ದು ಒಟ್ಟಿಗೇ ಬರುತ್ತಿತ್ತು. ಹುಡುಗಿಯ ಅಮ್ಮನನ್ನು ಕರೆಯಿರಿ, ಪಾಯಸ ಅವಳೇ ಬಡಿಸಲಿ ಎಂದು ರಾಜೀವಿಯ ದೊಡ್ಡ ದನಿ ಕೇಳಿಸಿತು. ಧನರಾಜಣ್ಣನಿಗೆ ಈಗ ಹೇಳಲಾ ಎಂದು ಯೋಗೀಶ ಕೇಳುತ್ತಿದ್ದ.

"ಬೇಡ," ಎಂದಳು ಅವಳು. "ಬೀಗರದ್ದು ಊಟ ಮುಗೀಲಿ."

ತನ್ನ ಬಾಯಿಯಿಂದ ಬಂದದ್ದು ಗಂಡನ ಮಾತೇ ಎಂದು ಅವಳಿಗೆ ಆಗಲೇ ಗೊತ್ತಾಯಿತು, ಆದರೆ ಹೇಳಿಯಾಗಿತ್ತು. ಒಳಗಿನಿಂದ ಅವಳ ಹೆಸರು ಹಿಡಿದು ಮತ್ತೊಮ್ಮೆ ಕರೆದರು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮಾವನ ಕಿವಿಯ ಹತ್ತಿರ ಒಮ್ಮೆ ಹಿಡಿ ಎಂದು ಯೋಗೀಶನಿಗೆ ಹೇಳಿದಳು. ಮಂಚ ಕಿರ್ರೆಂದಿತು, ಬಟ್ಟೆ ಸರಿದ ಸದ್ದಾಯಿತು, ಆಮೇಲೆ ಹಿಡಿದಿದ್ದೇನೆ ಅತ್ತಿಗೆ ಎಂದು ದೂರದಿಂದ ಅವನ ದನಿ ಬಂತು.

"ಮಾವ," ಎಂದಳು ಲೋಲಾಕ್ಷಿ. ಊಟಕ್ಕೆ ಕೂತವರಿಗೆ ಕೇಳಬಾರದೆಂದು ಮೆಲ್ಲಗೆ ಹೇಳಬೇಕಾಯಿತು. "ನನ್ನ ಕೈ ಹಿಟ್ಟಾಗಿರ್ಲಿಲ್ಲ."